ಪಪೈರಸ್ಸಿನಲ್ಲಿ ಕನ್ನಡ ಹುಡುಕಿದ ಶಾಮಶಾಸ್ತ್ರಿ

ನವೆಂಬರ್ ತಿಂಗಳು ಬಂತೆಂದರೆ ಬನಶಂಕರಿಯಿಂದ ಬೀದರಿನವರೆಗೆ ರಾಜ್ಯೋತ್ಸವದ ವೇದಿಕೆಗಳಲ್ಲಿ ನಾವು ಕೇಳುವ ಮಾತೊಂದಿದೆ. ಸುಮಾರು ಸಾವಿರದ ಎಂಟುನೂರು ವರ್ಷಗಳ ಹಿಂದೆ ಈಜಿಪ್ಟಿನಲ್ಲಿ ಬರೆದಿಟ್ಟ ಗ್ರೀಕ್ ನಾಟಕವೊಂದರಲ್ಲಿ ಕನ್ನಡದ ಮಾತುಗಳಿವೆ ಎಂಬುದು ಅದು. ಚಪ್ಪಾಳೆ ಬೀಳುತ್ತದೆ, ಭಾಷಣ ಮುಂದಕ್ಕೆ ಹೋಗುತ್ತದೆ. ಆ ನಾಟಕ ಯಾವುದು, ಅದರಲ್ಲಿ ಕನ್ನಡವಾಡುವವನೆಂದು ಹೇಳಲಾಗುವ ಪಾತ್ರ ಯಾವುದು, ಅವನ ಮಾತು ಕೇಳಿ ಅಂದಿನ ಪ್ರೇಕ್ಷಕರು ಏನು ಮಾಡುತ್ತಿದ್ದರು ಎಂದು ಕೇಳುವವರು ವಿರಳ. ಆ ಮಾತುಗಳನ್ನು ಬಿಡಿಸಲು ಕುಳಿತ ಮೈಸೂರಿನ ವಿದ್ವಾಂಸರ ಹೆಸರೂ ಅಲ್ಲಿ ಬರುವುದು ಅಪರೂಪ.

ಮೊದಲು ಹಾಳೆಯ ವಿಷಯ. ಕೈರೋದಿಂದ ದಕ್ಷಿಣಕ್ಕೆ ಸುಮಾರು 160 ಕಿಲೋಮೀಟರ್ ದೂರದಲ್ಲಿ ಅಲ್-ಬಹ್ನಸಾ ಎಂಬ ಊರಿದೆ. ಗ್ರೀಕರ ಕಾಲದಲ್ಲಿ ಅದು ಆಕ್ಸಿರಿಂಕಸ್. 1896ರ ಕೊನೆಯಲ್ಲಿ ಆಕ್ಸ್‌ಫರ್ಡಿನ ಬರ್ನಾರ್ಡ್ ಗ್ರೆನ್‌ಫೆಲ್ ಮತ್ತು ಆರ್ಥರ್ ಹಂಟ್ ಅಲ್ಲಿಗೆ ಬಂದು, ಸ್ಥಳೀಯ ಕೂಲಿಗಳ ನೆರವಿನಿಂದ ಹಳೆಯ ಕಸದ ದಿಬ್ಬಗಳನ್ನು ಅಗೆಸತೊಡಗಿದರು. ಮಳೆ ಕಾಣದ ಮರಳಿನಲ್ಲಿ ತೆರಿಗೆ ರಸೀದಿ, ಮನೆಯ ಪತ್ರ, ಕಾವ್ಯ, ನಾಟಕ ಎಲ್ಲವೂ ಉಳಿದಿದ್ದವು. ಈ ಪಪೈರಸ್ ಸಂಗ್ರಹದ 413ನೇ ಸಂಖ್ಯೆಯ ಹಾಳೆಯನ್ನು ಅವರು 1903ರಲ್ಲಿ, ಮೂರನೆಯ ಸಂಪುಟದಲ್ಲಿ ಪ್ರಕಟಿಸಿದರು. ಅದೊಂದು ಪ್ರಹಸನ. ಕರ್ತೃವಿನ ಹೆಸರಿಲ್ಲ, ಶೀರ್ಷಿಕೆಯೂ ಇಲ್ಲ. ನಾಯಕಿಯ ಹೆಸರಿನಿಂದ ಅದನ್ನು 'ಖಾರಿಟಿಯೋನ್' ಎನ್ನುತ್ತಾರೆ.

ಗ್ರೀಕ್ ಹೆಣ್ಣುಮಗಳೊಬ್ಬಳು ಭಾರತದ ತೀರದಲ್ಲಿ ಸೆರೆಸಿಕ್ಕಿದ್ದಾಳೆ. ಅವಳನ್ನು ಬಿಡಿಸಲು ಅಣ್ಣ ಹಡಗಿನಲ್ಲಿ ಬರುತ್ತಾನೆ. ಇಲ್ಲಿನ ರಾಜನಿಗೂ ಅವನ ಪರಿವಾರಕ್ಕೂ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ, ಮತ್ತೇರಿದ ರಾಜನನ್ನು ಕಟ್ಟಿಹಾಕಿ ಎಲ್ಲರೂ ಪಾರಾಗುತ್ತಾರೆ. ನಡುವೆ ಒಬ್ಬ ವಿದೂಷಕ. ಅವನ ಹೊಟ್ಟೆಯ ವಾಯುವೇ ಅವನ ಆಯುಧ! ಎಲ್ಲೆಲ್ಲಿ ತಮಟೆ ಬಾರಿಸಬೇಕೆಂಬ ಗುರುತುಗಳೂ ಹಾಳೆಯಲ್ಲಿವೆ. ಭಾರತೀಯರು ಆಡುವ ಹಲವು ಮಾತುಗಳು ಗ್ರೀಕ್ ಅಕ್ಷರದಲ್ಲಿದ್ದರೂ ಗ್ರೀಕ್ ಭಾಷೆಯವಲ್ಲ. ಇವು ಯಾವ ಭಾಷೆಯವು ಎಂಬುದೇ ಸಮಸ್ಯೆ.

ಮದ್ರಾಸಿನಲ್ಲಿ ಶಾಸನ ವಿಭಾಗವನ್ನು ನಡೆಸಿದ್ದ ಜರ್ಮನ್ ವಿದ್ವಾಂಸ ಹುಲ್ಟ್‌ಶ್ 1904ರಲ್ಲಿ ಇವು ಕನ್ನಡದ ಮಾತುಗಳಿರಬಹುದೆಂದು ಸೂಚಿಸಿದರು. ಮೈಸೂರಿನಲ್ಲಿ ಅದನ್ನು ಮುಂದಕ್ಕೆ ಒಯ್ದವರು ರುದ್ರಪಟ್ಟಣದ ಶಾಮಶಾಸ್ತ್ರಿ.

ಶಾಮಶಾಸ್ತ್ರಿಗಳು 1868ರಲ್ಲಿ ಕಾವೇರಿ ದಂಡೆಯ ರುದ್ರಪಟ್ಟಣದಲ್ಲಿ ಹುಟ್ಟಿದವರು. ಮೈಸೂರಿನ ಪಾಠಶಾಲೆಯಲ್ಲಿ ಸಂಸ್ಕೃತ ಕಲಿತು ವಿದ್ವತ್ ಪದವಿ ಪಡೆದರು, ಮದ್ರಾಸ್ ವಿಶ್ವವಿದ್ಯಾಲಯದಿಂದ ಬಿ.ಎ. ಮಾಡಿದರು. ಆ ಮೇಲೆ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗ್ರಂಥಪಾಲಕರಾದರು. ಓಲೆಗರಿಗಳ ಧೂಳು ಒರೆಸಿ, ಹುಳು ತಿಂದ ಅಕ್ಷರಗಳನ್ನು ಬಿಡಿಸಿ, ಪಟ್ಟಿ ಮಾಡುವ ಕೆಲಸ ಅದು. ತಂಜಾವೂರು ಸೀಮೆಯ ಪಂಡಿತರೊಬ್ಬರು ಲೈಬ್ರರಿಗೆ ಒಪ್ಪಿಸಿದ ಗ್ರಂಥಲಿಪಿಯ ಓಲೆಕಟ್ಟಿನಲ್ಲಿ 'ಅರ್ಥಶಾಸ್ತ್ರ' ಇರುವುದನ್ನು ಗುರುತಿಸಿದವರು ಅವರೇ. ಉಲ್ಲೇಖಗಳಲ್ಲಿ ಮಾತ್ರ ಬದುಕಿದ್ದ ಆ ಗ್ರಂಥದ ಸುದ್ದಿಯನ್ನು 1905ರಲ್ಲಿ ಹೊರಗೆಡಹಿ, 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಕೊಟ್ಟರು. ಪ್ರಾಚೀನ ಭಾರತದ ರಾಜ್ಯವ್ಯವಸ್ಥೆಯ ಬಗ್ಗೆ ಜಗತ್ತಿನ ತಿಳಿವಳಿಕೆಯೇ ಬದಲಾಯಿತು. 1922ರಲ್ಲಿ ಆರ್. ನರಸಿಂಹಾಚಾರ್ಯರು ನಿವೃತ್ತರಾದ ಮೇಲೆ ಮೈಸೂರಿನ ಪುರಾತತ್ವ ಇಲಾಖೆಯ ಹೊಣೆ ಶಾಸ್ತ್ರಿಗಳ ಹೆಗಲಿಗೆ ಬಂತು. ಅವರು ತೀರಿಕೊಂಡದ್ದು 1944ರಲ್ಲಿ.

ಇಲಾಖೆಯ 1926ರ ವಾರ್ಷಿಕ ವರದಿಯಲ್ಲಿ ಅವರು ಈ ಪ್ರಹಸನವನ್ನು ಎತ್ತಿಕೊಂಡರು. ಗ್ರೀಕ್ ಅಕ್ಷರಗಳ ಉದ್ದನೆಯ ಸಾಲನ್ನು ತುಂಡರಿಸಿ ಪಾನ, ಮಧು, ಬೇರೆ, ಕಟ್ಟಿ ಎಂಬಂಥ ಪದಗಳನ್ನು ಕಂಡರು. ಕುಡಿತದ ದೃಶ್ಯಕ್ಕೆ ಒಪ್ಪುವ ಅರ್ಥವೂ ಹುಟ್ಟಿತು. ಅದೇ 1926ರಲ್ಲಿ ಲಂಡನ್ನಿನ ಎಲ್. ಡಿ. ಬಾರ್ನೆಟ್ ಈ ವಾದವನ್ನು ತಿರಸ್ಕರಿಸಿ ಲೇಖನ ಬರೆದರು. ಬಾರ್ನೆಟ್ ಕನ್ನಡ ಅರಿಯದವರಲ್ಲ, ಬ್ರಿಟಿಷ್ ಮ್ಯೂಸಿಯಮ್ಮಿನ ಕನ್ನಡ ಪುಸ್ತಕಗಳ ಪಟ್ಟಿಯನ್ನು 1910ರಲ್ಲಿ ತಯಾರಿಸಿದವರೇ ಅವರು. ಮುಂದೆ ಬಿ. ಎ. ಸಾಲೆತ್ತೂರ್, ಮಂಜೇಶ್ವರದ ಗೋವಿಂದ ಪೈ ಮುಂತಾದವರೂ ಈ ಚರ್ಚೆಗೆ ಬಂದರು.

ನಮ್ಮ ದೃಷ್ಟಿಯಲ್ಲಿ ಬಾರ್ನೆಟ್ ಅವರ ಅನುಮಾನವೇ ಹೆಚ್ಚು ಗಟ್ಟಿ. ಕಾರಣಗಳನ್ನು ಕನ್ನಡದ ಒಳಗಿನಿಂದಲೇ ಕೊಡಬಹುದು. ಮುಂದಿಟ್ಟ ಓದುಗಳಲ್ಲಿ ಒಂದರಲ್ಲಿ 'ಹಾಕಿ' ಎಂಬ ಪದವಿದೆ. ಆದರೆ ಹಳಗನ್ನಡದ ಪಾಲು ಹಾಲಾದದ್ದು, ಪುಲಿ ಹುಲಿಯಾದದ್ದು ಬಹಳ ತಡವಾಗಿ. ಪಕಾರದ ಜಾಗದಲ್ಲಿ ಹಕಾರ ಹರಡಿದ್ದು ಹತ್ತನೆಯ ಶತಮಾನದ ಆಚೀಚೆ. ಸುಮಾರು 450ರದೆಂದು ಹೇಳುವ ಹಲ್ಮಿಡಿ ಶಾಸನದಲ್ಲಿ ಆ ಊರಿನ ಹೆಸರೂ ಪಕಾರದಿಂದಲೇ ಶುರುವಾಗುತ್ತದೆ. ಹೀಗಿರುವಾಗ ಎರಡನೆಯ ಶತಮಾನದ ಕೈಬರಹದಲ್ಲಿ ನಡುಗನ್ನಡದ 'ಹಾಕಿ' ಹೇಗೆ ಬಂತು? ಇನ್ನೊಂದು ಕಡೆ 'ಮಲ್ಪಿನಿಯಕ್' ಎಂದು ಓದಬಹುದಾದ ಅಕ್ಷರಗಳಿವೆ. ಒಬ್ಬರಿಗೆ ಅದು ಮಲ್ಪೆಯ ನಾಯಕ. ಇನ್ನೊಬ್ಬರಿಗೆ ತುಳುವಿನ 'ಮಲ್ಪುನಿ', ಅಂದರೆ ಮಾಡುವುದು. ಅದೇ ಸಾಲುಗಳನ್ನು ಪೂರ್ತಿ ತುಳುವೆಂದು ಓದಿದವರೂ ಇದ್ದಾರೆ. ಪದಗಳ ನಡುವೆ ಜಾಗವಿಲ್ಲದ ಬರಹವನ್ನು ಬೇಕಾದಲ್ಲಿ ತುಂಡರಿಸುವ ಸ್ವಾತಂತ್ರ್ಯವಿದ್ದರೆ ಪ್ರತಿಯೊಬ್ಬನಿಗೂ ತನ್ನ ತಾಯಿಯ ಮಾತೇ ಕೇಳಿಸುತ್ತದೆ.

ರಂಗದ ಮೇಲಿನ ಪರಭಾಷೆ ನಿಜವಾದದ್ದೂ ಇರಬಹುದು, ಕಟ್ಟಿದ ತೊದಲೂ ಇರಬಹುದು. ಕ್ರಿ.ಪೂ. 425ರಲ್ಲಿ ಅರಿಸ್ಟೋಫನೀಸ್ ತನ್ನ ನಾಟಕದ ಪರ್ಷಿಯನ್ ದೂತನ ಬಾಯಲ್ಲಿ ಆಡಿಸಿದ ಮೊದಲ ಸಾಲು ಬಹುತೇಕ ಅರ್ಥವಿಲ್ಲದ ಶಬ್ದ. ರೋಮಿನ ಪ್ಲಾಟಸ್‌ನ ಒಂದು ನಾಟಕದಲ್ಲಿ ಕಾರ್ಥೇಜಿನ ವರ್ತಕ ಆಡುವ ಪ್ಯೂನಿಕ್ ಮಾತ್ರ ನಿಜವಾದದ್ದು. ಇದನ್ನು ನಾವು ಹೇಗೆ ಬಲ್ಲೆವು? ಅದೇ ಮಾತು ಪಕ್ಕದಲ್ಲೇ ಲ್ಯಾಟಿನ್ನಿನಲ್ಲಿದೆ, ಪ್ಯೂನಿಕ್ ಶಾಸನಗಳೂ ಸಾಕಷ್ಟು ಸಿಕ್ಕಿವೆ. ಖಾರಿಟಿಯೋನ್ ವಿಷಯದಲ್ಲಿ ಇವೆರಡೂ ಇಲ್ಲ. ಅಲ್ಲಿರುವುದು ದಕ್ಷಿಣ ಭಾರತದ ಯಾವುದೋ ಭಾಷೆಯ ಚೂರುಗಳಿರಬಹುದು. ಕೆಂಪು ಸಮುದ್ರದಿಂದ ನಮ್ಮ ಕರಾವಳಿಗೆ ಹಡಗುಗಳು ಬರುತ್ತಿದ್ದ ಕಾಲ ಅದು, ನಾವಿಕರು ಕೇಳಿದ್ದನ್ನು ನಟರು ಎತ್ತಿಕೊಂಡಿರಬಹುದು. ಅಷ್ಟರಾಚೆ ಹೋಗಲು ಆಧಾರ ಸಾಲದು.

ಇದರಿಂದ ಶಾಸ್ತ್ರಿಗಳು ಚಿಕ್ಕವರಾಗುವುದಿಲ್ಲ. ಆದರೆ ಅವರ ಎರಡು ಓದುಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಅರ್ಥಶಾಸ್ತ್ರದ ಓದು ನಿಂತದ್ದು ಅದನ್ನು ಪರೀಕ್ಷಿಸಲು ಸಾಧ್ಯವಿದ್ದುದರಿಂದ. ಬೇರೆ ಓಲೆಪ್ರತಿಗಳು ಸಿಕ್ಕವು. ತಿರುವನಂತಪುರದ ಗಣಪತಿ ಶಾಸ್ತ್ರಿ, ಮುಂಬಯಿಯ ಕಾಂಗ್ಲೆ ಅವರ ಪಾಠವನ್ನು ತಿದ್ದಿದರು. ತಿದ್ದುಪಡಿಯಿಂದ ಕೆಲಸ ಬೆಳೆಯಿತೇ ಹೊರತು ಅಳಿಯಲಿಲ್ಲ. ಪಪೈರಸ್ಸಿನ ಓದು ಮಾತ್ರ ತಿದ್ದುವವರ ಕೈ ಬಿಟ್ಟು ಚಪ್ಪಾಳೆ ತಟ್ಟುವವರ ಕೈಗೆ ಹೋಯಿತು. ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ಸಿಕ್ಕಿದ್ದು 2008ರ ಅಕ್ಟೋಬರ್ 31ರಂದು. ಭಾಷೆಯ ವಯಸ್ಸಿನ ಲೆಕ್ಕಾಚಾರ ಬಿಸಿಯಾದಾಗಲೆಲ್ಲ ಒಬ್ಬ ವಿದ್ವಾಂಸರ ಊಹೆ ಎಲ್ಲರ ನಂಬಿಕೆಯಾಗಿಬಿಡುತ್ತದೆ. ಇದು ವಿದ್ವಾಂಸರಿಗೆ ಸಲ್ಲುವ ಗೌರವವೇ?

ಇನ್ನೂ ಒಂದು ಪ್ರಶ್ನೆ ಇದೆ. ಆ ಮಾತುಗಳು ಕನ್ನಡವೇ ಎಂದು ಒಪ್ಪಿಕೊಳ್ಳೋಣ. ಆಗ ನಾವು ಹೆಮ್ಮೆ ಪಡುತ್ತಿರುವುದು ಯಾವುದಕ್ಕೆ? ಆ ನಾಟಕದಲ್ಲಿ ನಮ್ಮ ರಾಜ ಕುಡಿದು ಕುಣಿಯುವ ಪೆದ್ದ. ಅವನ ಮಾತು ಪ್ರೇಕ್ಷಕರಿಗೆ ಅರ್ಥವಾಗಬೇಕಿಲ್ಲ, ವಿಚಿತ್ರವಾಗಿ ಕೇಳಿಸಿದರೆ ಸಾಕು, ನಗು ಬರುತ್ತದೆ. ನಮ್ಮ ನುಡಿ ಕೇಳಿಸಿತು ಎಂಬ ಸಂತೋಷದಲ್ಲಿ, ಹೇಗೆ ಕೇಳಿಸಿತು ಎಂಬುದನ್ನು ನಾವು ಮರೆತಿದ್ದೇವೆ.

ಈ ನಗು ನಮಗೆ ಹೊಸದೇನಲ್ಲ. ನಮ್ಮ ನಾಟಕ, ಸಿನಿಮಾಗಳಲ್ಲಿ ಸಾಬಿಯ ಪಾತ್ರ ಬಂದರೆ ಅವನ ಕನ್ನಡದಲ್ಲಿ ಲಿಂಗ ವಚನ ಏರುಪೇರಾಗಲೇಬೇಕು, ಅದಕ್ಕೆ ಜನ ನಗಲೇಬೇಕು. ಬನಶಂಕರಿಯ ಯಾರಬ್ ನಗರದಲ್ಲಿ ಮನೆಯೊಳಗೆ ದಖನಿ, ಬೀದಿಯಲ್ಲಿ ಕನ್ನಡ ಆಡುತ್ತಾ ಬೆಳೆಯುವ ಮಕ್ಕಳಿಗೆ ಈ ನಗುವಿನ ಪರಿಚಯ ಚಿಕ್ಕಂದಿನಲ್ಲೇ ಆಗುತ್ತದೆ. ಉತ್ತರ ಕರ್ನಾಟಕದವರ ಮಾತಿಗೂ, ಕರಾವಳಿಯ ಬ್ಯಾರಿಗಳ ಮಾತಿಗೂ ಇದೇ ಗತಿ. ದಖನಿಯಲ್ಲಿ ಕನ್ನಡ, ತೆಲುಗು, ಮರಾಠಿ ಎಷ್ಟು ಬೆರೆತಿವೆ ಎಂದು ಕೂತು ಕೇಳಿದವರಿಗೆ ಅದು ತಪ್ಪು ಭಾಷೆಯೆನಿಸುವುದಿಲ್ಲ. ಆಕ್ಸಿರಿಂಕಸ್ಸಿನ ಪ್ರೇಕ್ಷಕರು ನಮ್ಮನ್ನು ಕಂಡ ಬಗೆಯಲ್ಲೇ ನಾವು ನಮ್ಮ ನೆರೆಯವರನ್ನು ಕಾಣುತ್ತಿದ್ದೇವೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಈಜಿಪ್ಟಿನಲ್ಲೇ ಉಳಿದ ಬೇರೊಂದು ಬಗೆಯ ಬರಹವೂ ನಮ್ಮ ಕರಾವಳಿಯನ್ನು ನೆನೆಯುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜುವಿನ ಕಾಗದಪತ್ರಗಳು ಕೈರೋದ ಗೆನೀಜಾದಲ್ಲಿ ಸಿಕ್ಕಿವೆ. ಅವು ಹೀಬ್ರೂ ಲಿಪಿಯಲ್ಲಿ ಬರೆದ ಅರಬಿ. ಅವನ ವ್ಯಾಪಾರದ ಕೆಲಸಕ್ಕೆ ಏಡನ್ನಿಗೆ ಹೋಗಿಬರುತ್ತಿದ್ದ ಗುಲಾಮನೊಬ್ಬನ ಹೆಸರು ಅಲ್ಲಿ ಮೂರೇ ಅಕ್ಷರಗಳಲ್ಲಿದೆ. ಅಮಿತಾವ್ ಘೋಷ್ ತಮ್ಮ 1992ರ ಪುಸ್ತಕದಲ್ಲಿ, ಮಂಗಳೂರಿನ ವಿದ್ವಾಂಸ ವಿವೇಕ ರೈ ಅವರ ನೆರವು ಪಡೆದು, ಅದನ್ನು 'ಬೊಮ್ಮ' ಎಂದು ಓದಿದರು. ಈ ಓದಿನ ಹಿಂದೆ ತುಳುನಾಡಿನ ಹೆಸರುಗಳ ಬಳಕೆ ಇದೆ, ಸಂದರ್ಭ ಇದೆ, ಒಂದಕ್ಕಿಂತ ಹೆಚ್ಚು ಪತ್ರಗಳಿವೆ. ಏಡನ್ನಿನ ಮುಸ್ಲಿಂ ಅರಸರ ಆಳ್ವಿಕೆಯ ಬಂದರಿನಿಂದ ಯಹೂದಿ ವರ್ತಕ ಬರೆದ ಪತ್ರದಲ್ಲಿ ಈ ಬೊಮ್ಮನಿಗೂ ಸಲಾಂ ಇದೆ. ಅಲ್ಲಿ ಅವನನ್ನು ಯಾರೂ ನಗೆಪಾಟಲು ಮಾಡಿಲ್ಲ.

ಕನ್ನಡದ ಹಿರಿಮೆಗೆ ಪಪೈರಸ್ಸಿನ ಸಾಕ್ಷಿ ಬೇಕಾಗಿಲ್ಲ. ಹಲ್ಮಿಡಿಯಿಂದ ಈಚೆಗೆ ಸಾವಿರಾರು ಶಾಸನಗಳಿವೆ, ಪರೀಕ್ಷೆಗೆ ನಿಲ್ಲುವ ಬರಹಗಳಿವೆ. ಶಾಮಶಾಸ್ತ್ರಿಗಳನ್ನು ನೆನೆಯುವುದಾದರೆ, ಅವರು ಗ್ರೀಕ್ ಸಾಲಿನಲ್ಲಿ ಕನ್ನಡ ಕಂಡರು ಎಂಬುದಕ್ಕಿಂತ, ಯಾರಿಗೂ ಬೇಡವಾಗಿದ್ದ ಓಲೆಕಟ್ಟನ್ನು ಬಿಚ್ಚಿ ವರ್ಷಗಟ್ಟಲೆ ಓದಿ, ಬೇರೆಯವರು ತಿದ್ದಬಲ್ಲಂತೆ ಅಚ್ಚು ಮಾಡಿಸಿದರು ಎಂಬುದಕ್ಕಾಗಿ ನೆನೆಯಬೇಕು. ಮುಂದಿನ ನವೆಂಬರಿನಲ್ಲಿ ವೇದಿಕೆಯ ಮೇಲಿನವರು ಆ ಗ್ರೀಕ್ ನಾಟಕದ ಮಾತೆತ್ತಿದಾಗ, ಕೆಳಗೆ ಕುಳಿತ ನಮ್ಮಲ್ಲಿ ಒಬ್ಬರಾದರೂ ಎದ್ದು ನಿಂತು, ಅದರ ಕಥೆಯನ್ನು ಪೂರ್ತಿ ಹೇಳಿ ಎಂದು ಕೇಳಲಿ.