ಮುಂದಿನ ಲೆನ್ಸ್ ಯಾವುದು?

ಹವ್ಯಾಸಕ್ಕೆಂದು ಮಿರರ್‌ಲೆಸ್ ಕ್ಯಾಮೆರಾ ಕೊಂಡವರಿಗೆ ಕಿಟ್ ಲೆನ್ಸ್ ಪಳಗಿದ ಮೇಲೆ ದೊಡ್ಡ ಜೂಮ್ ಮೇಲೆ ಕಣ್ಣು ಬೀಳುವುದು ಸಹಜ. ಗದಗ ಸೀಮೆಯಲ್ಲಿ ಅದಕ್ಕೆ ಕಾರಣವೂ ಇದೆ. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯಲ್ಲಿ ಬೀಡುಬಿಡುತ್ತವೆ. 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿದ ಆ ಕೆರೆಗೆ 300 ಎಂಎಂ ಆದರೂ ಬೇಕು; ಎಪಿಎಸ್‌-ಸಿ ಸೆನ್ಸರ್‌ನಲ್ಲಿ ಅದರ ನೋಟ ಸುಮಾರು 450ಕ್ಕೆ ಸಮ.

ಆದರೂ ನನ್ನ ಮೆಚ್ಚುಗೆ ಅಂಗೈಯಲ್ಲಿ ಹಿಡಿಯುವ 35 ಎಂಎಂ ಎಫ್‌/1.8 ಪ್ರೈಮ್ ಲೆನ್ಸಿಗೆ. ಗದಗದ ತ್ರಿಕೂಟೇಶ್ವರ ಆವರಣದಲ್ಲಿರುವ ಸರಸ್ವತಿ ಗುಡಿಯ ಕಂಬಗಳನ್ನು ಅದರಿಂದ ತೆಗೆದು ನೋಡಬೇಕು. ಎಫ್‌/5.6ಕ್ಕಿಂತ ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕನ್ನು ಅದು ಒಳಬಿಡುತ್ತದೆ. ಸೆಕೆಂಡಿನ ಹತ್ತನೇ ಒಂದು ಭಾಗ ತೆರೆದಿರಬೇಕಾದ ಶಟರ್ ತೊಂಬತ್ತನೇ ಒಂದರಲ್ಲೇ ಮುಚ್ಚುತ್ತದೆ. ಕೈ ಕೊಂಚ ಅಲುಗಿದರೂ ಚಾಲುಕ್ಯ ಶಿಲ್ಪಿಯ ಕುಸುರಿ ಗೆರೆ ಗೆರೆಯಾಗಿ ಉಳಿಯುತ್ತದೆ. ಹಿಂದಿನ ಗೋಡೆ ಮೆತ್ತಗೆ ಕರಗುತ್ತದೆ. ಜೂಮ್ ಇಲ್ಲದ್ದರಿಂದ ನಾವೇ ಹೆಜ್ಜೆ ಹಾಕಬೇಕು. ಆಗಲೇ ಕಂಬದ ಮತ್ತೊಂದು ಮಗ್ಗುಲೂ ಕಣ್ಣಿಗೆ ಬೀಳುವುದು.

ಹಕ್ಕಿಯೇ ನಿಮ್ಮ ಜೀವವಾದರೆ ಉದ್ದದ ಲೆನ್ಸ್ ಕೊಳ್ಳಿ. ಗುಡಿ, ಸಂತೆ, ಮನೆಮಂದಿ ಎನ್ನುವವರು ಈ ಪುಟ್ಟದ್ದನ್ನೇ ಮೊದಲು ತನ್ನಿ.