ಬಾಗಿಲೇ ಇಲ್ಲದ ಮನೆಯಲ್ಲಿ ‘ಅಡೋಲೆಸೆನ್ಸ್’

2025ರ ಮಾರ್ಚಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ‘ಅಡೋಲೆಸೆನ್ಸ್’ ನೋಡದವರನ್ನ ನಮ್ಮ ಆಫೀಸಲ್ಲಿ ಹಳ್ಳಿಗಮಾರರ ಥರ ನೋಡ್ತಿದ್ದರು. ನಾನು ಹಳ್ಳಿಯವನೇ, ತಡವಾಗಿ ನೋಡಿದೆ. ಜ್ಯಾಕ್ ಥಾರ್ನ್, ಸ್ಟೀಫನ್ ಗ್ರಹಾಂ ಬರೆದದ್ದು. ನಾಲ್ಕು ಎಪಿಸೋಡ್, ಒಂದೊಂದೂ ಒಂದೇ ಶಾಟ್. 13 ವರ್ಷದ ಜೇಮಿ ಸಹಪಾಠಿಯನ್ನು ಕೊಂದ ಆರೋಪದಲ್ಲಿ ಸಿಕ್ಕಿಬೀಳುತ್ತಾನೆ. ಎಲ್ಲರೂ ಹೊಗಳಿದ್ದು ಮೂರನೇ ಎಪಿಸೋಡನ್ನ. ಓವನ್ ಕೂಪರ್‌ಗೆ ಎಮ್ಮಿ ಬಂತು, ಬರಬೇಕಾದ್ದೇ.

ನನಗೆ ಮಾತ್ರ ಎರಡನೇದರ ಒಂದು ದೃಶ್ಯ ತಲೆಯಿಂದ ಹೋಗ್ತಿಲ್ಲ. ತನಿಖೆಗೆ ಬಂದ ಪೊಲೀಸ್ ಅಧಿಕಾರಿ ಇನ್‌ಸ್ಟಾಗ್ರಾಂ ಕಮೆಂಟುಗಳನ್ನ ತಪ್ಪಾಗಿ ಓದುತ್ತಿರುತ್ತಾನೆ. ಅದೇ ಶಾಲೆಯಲ್ಲಿ ಓದೋ ಅವನ ಮಗನೇ ಪಕ್ಕಕ್ಕೆ ಕರೆದು ಎಮೋಜಿಗಳ ಅರ್ಥ ಬಿಡಿಸಿ ಹೇಳುತ್ತಾನೆ. ಕೊನೆಗೆ ಮಗನನ್ನ ಚಿಪ್ಸ್ ತಿನ್ನೋಕೆ ಕರ್ಕೊಂಡು ಹೋಗ್ತಾನೆ. ಅಷ್ಟೇ, ಆಮೇಲೆ ಆ ಅಪ್ಪ-ಮಗ ಮತ್ತೆ ಬರೋದೇ ಇಲ್ಲ. ನಾಲ್ಕನೇ ಎಪಿಸೋಡಲ್ಲಿ ಜೇಮಿಯ ಅಪ್ಪ-ಅಮ್ಮ ಅಳುತ್ತಾರೆ: ಹುಡುಗ ಬಾಗಿಲು ಹಾಕ್ಕೊಂಡು ಕಂಪ್ಯೂಟರ್ ಮುಂದೆ ಇದ್ದ, ಮನೆಯಲ್ಲೇ ಇದ್ದಾನಲ್ಲ ಅಂದ್ಕೊಂಡೆವು. ಸರಣಿಯ ದುಃಖವೆಲ್ಲ ‘ನಾವು ನೋಡಲಿಲ್ಲ’ ಅನ್ನೋದು. ಸರಿ, ಆದರೆ ನೋಡಿದ್ದರೆ ಸಾಕಿತ್ತಾ?

ನಮ್ಮ ಕಡೆ ಹಾಕೋಕೆ ಬಾಗಿಲೇ ಇಲ್ಲ. ಶಹಾಬಾದ್ ಫರ್ಸಿ ಹಾಸಿದ ಒಂದೇ ಪಡಸಾಲಿ, ಅಲ್ಲೇ ಅಜ್ಜಿ ಮಲಗೋದು, ಅಲ್ಲೇ ಹುಡುಗ ಇಯರ್‌ಫೋನ್ ಹಾಕ್ಕೊಂಡು ಕೂರೋದು. ಸೇಡಂ, ಚಿತ್ತಾಪುರದ ಹಳ್ಳಿಗಳಿಂದ, ಚಿಂಚೋಳಿಯ ತಾಂಡಾಗಳಿಂದ ದುಡಿಯೋಕೆ ಪುಣೆ, ಮುಂಬೈ, ಹೈದರಾಬಾದಿಗೆ ಹೋಗೋರು ವಾಡಿ ಜಂಕ್ಷನ್ನಿನಲ್ಲಿ ಗಂಟುಮೂಟೆ ಸಮೇತ ಕೂತಿರೋದನ್ನ ಸಣ್ಣವನಿಂದ ನೋಡ್ತಾ ಬಂದಿದ್ದೀನಿ. ಎಷ್ಟೋ ಮನೆಯಲ್ಲಿ ಮಕ್ಕಳು ಅಜ್ಜಿ ಹತ್ರ. ಫೋನು ಅಂದ್ರೆ ಅಲ್ಲಿ ಆಟದ ಸಾಮಾನಲ್ಲ, ರಾತ್ರಿ ಎಂಟಕ್ಕೆ ಕಾಣೋ ತಾಯಿ ಮುಖ. ‘ಮಕ್ಕಳ ಕೈಗೆ ಫೋನ್ ಕೊಡಬೇಡಿ’ ಅನ್ನೋ ಭಾಷಣ ಅಲ್ಲಿ ಯಾರಿಗೆ ಮಾಡ್ತೀರಿ? 2023ರ ಡೇಟಾ ಸಂರಕ್ಷಣಾ ಕಾಯ್ದೆ 18ರೊಳಗಿನವರಿಗೆ ಪೋಷಕರ ಖಚಿತ ಒಪ್ಪಿಗೆ ಬೇಕು ಅನ್ನುತ್ತೆ. ಅಜ್ಜಿ ಹೆಸರಿನ ಸಿಮ್ಮಿಗೆ ಬರೋ ಓಟಿಪಿ ಓದೋದು ಮೊಮ್ಮಗನೇ.

ನನ್ನ ಅಕ್ಕನೂ ಪುಣೆಯಲ್ಲಿದ್ದಾಳೆ. ಅವಳ ಮಗನಿಗೆ ನನ್ನ ಹಳೇ ಫೋನ್ ಕೊಟ್ಟು, ಒಂದು ಪೇರೆಂಟಲ್ ಕಂಟ್ರೋಲ್ ಆಪ್ ಹಾಕಿ, ಬೆಂಗಳೂರಿಂದ ದಿನಾ ರಿಪೋರ್ಟ್ ನೋಡಿ ಖುಷಿಪಡ್ತಿದ್ದೆ. ದಿನಕ್ಕೆ ಒಂದೇ ಗಂಟೆ, ಎಲ್ಲಾ ಮಿತಿಯೊಳಗೆ. ಆ ಒಂದು ಗಂಟೆಯಲ್ಲೇ ಆಟದಲ್ಲಿ ಸಿಕ್ಕ ‘ಫ್ರೆಂಡ್’ ಒಬ್ಬ ಅವನ ಫೋಟೋ ತರಿಸಿಕೊಂಡು, ದುಡ್ಡು ಕೊಡು ಅಂತ ಹೆದರಿಸಿದ್ದ. ಇಪ್ಪತ್ತು ದಿನ ಹುಡುಗ ಬಾಯಿ ಬಿಟ್ಟಿರಲಿಲ್ಲ. ಯಾಕೋ ಅಂದ್ರೆ, “ಹೇಳಿದ್ರ ನೀ ಫೋನ್ ಕಸ್ಗೊಂತಿ ಮಾಮಾ. ಅವ್ವನ ಮಾರಿ ಹೆಂಗ ನೋಡ್ಲಿ?”

ಕೋಡ್ ಬರೆಯೋನಾಗಿ ಹೇಳ್ತೀನಿ, ಆಪ್ ಎಣಿಸೋದು ನಿಮಿಷಗಳನ್ನ. ಅವನ ಹೆದರಿಕೆಗೆ ಅದರಲ್ಲಿ ಕಾಲಂ ಇಲ್ಲ. ಹೇಳಿದರೆ ಶಿಕ್ಷೆ ಅನ್ನೋ ನಿಯಮ ಮಾಡಿದ್ದು ನಾನೇ, ಬೆದರಿಸಿದವನಿಗೆ ಅನುಕೂಲವಾಗಿದ್ದೂ ಅದೇ. ಸ್ಕ್ರೀನ್‌ಶಾಟ್ ಇಟ್ಟುಕೊಂಡು ಬ್ಲಾಕ್ ಮಾಡಿ, ಸೈಬರ್ ಕ್ರೈಂ ಪೋರ್ಟಲ್ಲಿನಲ್ಲಿ ದೂರು ಹಾಕಿದೆವು. ಮಕ್ಕಳ ಸಹಾಯವಾಣಿ 1098 ಅಜ್ಜಿಗೂ ಬಾಯಿಪಾಠ ಆಯ್ತು.

ಅದಕ್ಕೇ ಆ ಎರಡನೇ ಎಪಿಸೋಡಿನ ಹುಡುಗ ನನಗೆ ಮುಖ್ಯ. ಅವನು ತಾನಾಗೇ ಅಪ್ಪನ ಹತ್ರ ಬಂದ, ಬಂದಿದ್ದಕ್ಕೆ ಏನೂ ಕಳಕೊಳ್ಳಲಿಲ್ಲ. ಬ್ರಿಟನ್ನಿನ ಪ್ರೌಢಶಾಲೆಗಳಲ್ಲಿ ಈ ಸರಣಿಯನ್ನ ಪುಕ್ಕಟೆ ತೋರಿಸೋಕೆ ಅಲ್ಲಿನ ಸರ್ಕಾರ ಬೆಂಬಲ ಕೊಟ್ಟಿತು. ನಮ್ಮೂರಲ್ಲಿ ನಾನಾದರೆ ಆ ಒಂದೇ ದೃಶ್ಯ ತೋರಿಸ್ತೀನಿ, ಅದೂ ದೊಡ್ಡವರಿಗೆ. ಅಳಿಯ ಮೊನ್ನೆ ವಿಡಿಯೋ ಕಾಲಲ್ಲಿ ಅವರವ್ವನಿಗೆ ಬ್ಲಾಕ್ ಮಾಡೋದು ಹೆಂಗ ಅಂತ ಕಲಿಸ್ತಿದ್ದ. ಅವಳು ತಪ್ಪಿ ನನ್ನನ್ನೇ ಬ್ಲಾಕ್ ಮಾಡಿಬಿಟ್ಟಳು.