ಕಾಯೋನ ಮನೆ ಎಲ್ಲಿದೆ?

ರಾಜ್ಯದ ಭದ್ರತೆ ಅಂದಕೂಡಲೇ ನಮ್ಮ ಪಂಡಿತರು ಕೌಟಿಲ್ಯನ ‘ಅರ್ಥಶಾಸ್ತ್ರ’ವನ್ನು ಎತ್ತಿ ಹಿಡಿಯುತ್ತಾರೆ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ಅದರ ತಾಳೆಗರಿ ಪ್ರತಿಯನ್ನು ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿದರು, 1909ರಲ್ಲಿ ಅಚ್ಚು ಹಾಕಿಸಿದರು. ಆ ವಿದ್ವತ್ತಿನ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ಈ ಗ್ರಂಥವನ್ನು ಅರಮನೆಯ ಉಪ್ಪರಿಗೆಯಲ್ಲಿ ಕೂತು ಓದಿದ್ದು ಸಾಕು. ಮಂಡ್ಯದ ಕೊತ್ತತ್ತಿ ಸೀಮೆಯ ಕೇರಿಗಳಲ್ಲಿ ಕೂತು ಓದಿದರೆ ಏನು ಕಾಣುತ್ತದೆ?

ಎರಡನೆಯ ಅಧಿಕರಣವನ್ನೇ ನೋಡಿ. ಅದರ ಮೊದಲ ಅಧ್ಯಾಯ ಗಡಿಯಲ್ಲಿ ಕೋಟೆಗಳನ್ನು ಕಟ್ಟಿಸುತ್ತದೆ. ಆ ಕೋಟೆಗಳ ನಡುವಿನ ಬಯಲನ್ನು ಬಲೆಗಾರರು, ಶಬರರು, ಪುಳಿಂದರು, ಚಂಡಾಲರು, ಕಾಡಿನ ಜನ ಕಾಯಬೇಕು ಅನ್ನುತ್ತದೆ. ನಾಲ್ಕನೆಯ ಅಧ್ಯಾಯಕ್ಕೆ ಬಂದರೆ ರಾಜಧಾನಿಯಲ್ಲಿ ಯಾರಿಗೆ ಎಲ್ಲಿ ಮನೆ ಅನ್ನೋ ಲೆಕ್ಕ. ಅಲ್ಲಿ ಚಂಡಾಲರಿಗೆ ತೋರಿಸುವ ಜಾಗ ಸ್ಮಶಾನದ ಅಂಚು. ಕಾಯೋದಕ್ಕೆ ಬೇಕು, ಪಕ್ಕದಲ್ಲಿ ಬಾಳೋದಕ್ಕೆ ಬೇಡ! ರಾಜನೀತಿಯ ಜಾಣತನವೆಲ್ಲ ಈ ಎರಡು ಮಾತಿನ ನಡುವೆ ಇದೆ.

ಇದು ಬರೀ ತಾಳೆಗರಿಯ ಮಾತಲ್ಲ. ಹಳೇ ಮೈಸೂರು ಸೀಮೆಯ ಊರುಗಳನ್ನು ಕಾದವರು ತೋಟಿಗಳು, ತಳವಾರರು. ಬೆಳೆ ಕಾಯೋನು, ಕಳ್ಳರ ಹೆಜ್ಜೆ ಹಿಡಿಯೋನು ಇವನೇ. ಗಡಿಕಲ್ಲಿನ ಜಗಳ ಬಂದರೆ ಹೊಲೆಯರ ಕುಳವಾಡಿಯ ಮಾತೇ ಸಾಕ್ಷಿ. ಕೂಲಿ ಅಂತ ಸಿಕ್ಕಿದ್ದು ಕಣದಲ್ಲಿ ಅಳೆಯುವ ಆಯದ ಕಾಳು, ಒಂದು ತುಂಡು ಇನಾಮ್ತಿ ಜಮೀನು. ಊರಿನ ಎಲ್ಲೆಯನ್ನು ಬಲ್ಲವನಿಗೆ ಊರೊಳಗೆ ಜಾಗವಿಲ್ಲ. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಇಂಥ ವಂಶಪಾರಂಪರ್ಯದ ಚಾಕರಿಯನ್ನು ಕಾಗದದ ಮೇಲೆ ಮುಗಿಸಿತು. ಕೇರಿಯನ್ನು ಊರೊಳಕ್ಕೆ ತರುವ ಕಾಯ್ದೆ ಯಾವುದು?

ರೋಮ್ ಕೂಡ ಧರ್ಮಛತ್ರವೇನಲ್ಲ, ಗುಲಾಮರ ಬೆವರಿನ ಮೇಲೆ ನಿಂತ ಸಾಮ್ರಾಜ್ಯ. ಆದರೂ ಗೆದ್ದ ನಾಡುಗಳ ಜನ ಅದರ ಸಹಾಯಕ ದಳಗಳಲ್ಲಿ 25 ವರ್ಷ ದುಡಿದರೆ ಅವರಿಗೆ ಪೌರತ್ವ ಸಿಗುತ್ತಿತ್ತು. ಅದನ್ನು ಕಂಚಿನ ತಗಡಿನ ಮೇಲೆ ಕೊರೆದು ಕೊಡುತ್ತಿದ್ದರು. ನಮ್ಮ ತೋಟಿ ತಲೆತಲಾಂತರ ಕಾದ. ಅವನ ತಗಡು ಎಲ್ಲಿದೆ?

ಕಾಯುವ ಕಣ್ಣು ಹೊರಗಿನ ಶತ್ರುವನ್ನಷ್ಟೇ ನೋಡೋದಿಲ್ಲ. ಅರ್ಥಶಾಸ್ತ್ರದ ಗೂಢಚಾರ ಸನ್ಯಾಸಿ, ರೈತ, ವ್ಯಾಪಾರಿಯ ವೇಷದಲ್ಲಿ ತನ್ನ ಪ್ರಜೆಗಳ ನಡುವೆಯೇ ಓಡಾಡುತ್ತಿದ್ದ. ಇವತ್ತು ಅವನು ಜೇಬಿನ ಫೋನಿನಲ್ಲೇ ಕೂರಬಲ್ಲ. 2021ರಲ್ಲಿ ಇಸ್ರೇಲಿ ಕಂಪನಿಯ ಪೆಗಾಸಸ್ ತಂತ್ರಾಂಶದ ಸುದ್ದಿ ಹೊರಬಿತ್ತು. ಸುಪ್ರೀಂ ಕೋರ್ಟು ನೇಮಿಸಿದ ಸಮಿತಿ 29 ಫೋನುಗಳನ್ನು ಪರೀಕ್ಷಿಸಿತು. ಐದರಲ್ಲಿ ಹಾನಿಕರ ತಂತ್ರಾಂಶ ಸಿಕ್ಕಿತು, ಅದು ಪೆಗಾಸಸ್ಸೇ ಎಂದು ಸಾಬೀತಾಗಲಿಲ್ಲ. ಕೇಂದ್ರ ಸರ್ಕಾರ ಸಮಿತಿಗೆ ಸಹಕರಿಸಲಿಲ್ಲ ಎಂಬುದನ್ನು 2022ರ ಆಗಸ್ಟ್‌ನಲ್ಲಿ ಕೋರ್ಟೇ ಹೇಳಿತು. ಸರ್ಕಾರ ಕೊಟ್ಟ ಕಾರಣ ಏನು ಗೊತ್ತೇ? ರಾಷ್ಟ್ರದ ಭದ್ರತೆ!

ಭದ್ರತೆಯೇ ಬೇಡ ಅನ್ನೋರು ನಾವಲ್ಲ. ಕೂಲಿಯವನ ಬ್ಯಾಂಕ್ ಖಾತೆಗೆ ಕನ್ನ ಹಾಕೋ ಕಳ್ಳರನ್ನು ಹಿಡಿಯಲೇಬೇಕು. ಆದರೆ ಪ್ರಶ್ನೆ ಕೇಳಿದವನನ್ನೇ ಶತ್ರು ಅನ್ನುವ ಭದ್ರತೆ ಆಳುವವನ ಭದ್ರತೆ, ಆಳಿಸಿಕೊಳ್ಳುವವನದಲ್ಲ. ಹಳ್ಳಿಯ ಮೇಷ್ಟ್ರುಗಳೇ, ಚಾಣಕ್ಯನ ಜಾಣತನವನ್ನು ಪಾಠ ಮಾಡಿ, ಬೇಡ ಅನ್ನೋದಿಲ್ಲ. ಜೊತೆಗೆ ಆ ನಾಲ್ಕನೆಯ ಅಧ್ಯಾಯವನ್ನೂ ಓದಿಸಿ. ಊರು ಕಾಯೋನ ಮನೆ ಎಲ್ಲಿತ್ತು, ಈಗ ಎಲ್ಲಿದೆ ಅಂತ ಮಕ್ಕಳ ಕೈಲೇ ಊರಿನ ನಕ್ಷೆ ಬರೆಸಿ.